ಶಾಂತವ್ವನ ಹಸಿರು ಉಗುರು

೧೯೮೪ರಲ್ಲಿ ನಾನು ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಚರ್ಮರೋಗದ ದವಾಖಾನೆ ನಡೆಸುತ್ತಿದ್ದೆ. ಊರು ಕುಂದಾಪುರದ ಕಡೆ, ಸ್ವಭಾವ ಸಂಶಯದ್ದು. ರೋಗಿ "ಮಾತ್ರೆ ತಗೊಂಡೆ" ಎಂದರೆ ಖಾಲಿ ಸ್ಟ್ರಿಪ್ ತೋರಿಸಿ ಎನ್ನುವವನು ನಾನು. ಹೆಂಡತಿ ನಗುತ್ತಿದ್ದಳು. ನನಗೆ ಮಾತ್ರ ಈ ಗುಣದ ಬಗ್ಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ಮಳೆಗಾಲದಲ್ಲಿ ಶಾಂತವ್ವ ಬಂದರು. ವಿಜಾಪುರ ಕಡೆಯ ವಿಧವೆ, ವಯಸ್ಸು ನಲವತ್ತರ ಆಸುಪಾಸು. ಸ್ಟೇಷನ್ ಹತ್ತಿರದ ಚಾಳಿನಲ್ಲಿ ಬಾಡಿಗೆಗೆ ಎರಡು ಖೋಲಿ, ಅಂದರೆ ಕೋಣೆ, ಹಿಡಿದು ಖಾನಾವಳಿ ಇಟ್ಟಿದ್ದರು. ಆ ಕಡೆಯ ಒಂಟಿ ನೌಕರರು ಜೋಳದ ರೊಟ್ಟಿಗಾಗಿ ಅಲ್ಲಿಗೆ ಹೋಗುತ್ತಿದ್ದರು. ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಕೂತಿದ್ದ ಆಕೆ, ನಾನು ಎರಡು ಸಲ ಕೇಳಿದ ಮೇಲೆ ಹೊರಗೆ ತೆಗೆದರು. ಹೆಬ್ಬೆರಳ ಉಗುರು ಅರ್ಧಕ್ಕೆ ಕಡುಹಸಿರಾಗಿತ್ತು.

"ಉಣ್ಣಾಕ ಬರೋರು ರೊಟ್ಟಿ ನೋಡಂಗಿಲ್ರೀ, ನನ್ನ ಕೈ ನೋಡ್ತಾರ. ಖೋಲಿ ಮಾಲೀಕ ಇದು ಕುಷ್ಠ ಅಂತಾನ. ತಿಂಗಳದಾಗ ಡಾಕ್ಟರ್ ಚೀಟಿ ತಾ, ಇಲ್ಲಾ ಖೋಲಿ ಬಿಡು ಅಂದಾನ್ರೀ."

ಹತ್ತಿಯ ಎಳೆ ಮುಟ್ಟಿಸಿ ನೋಡಿದೆ. ಬೆರಳಿಗೆ ಸ್ಪರ್ಶ ಚೆನ್ನಾಗಿಯೇ ಇತ್ತು, ಮೈಮೇಲೆ ಮಚ್ಚೆಗಳಿರಲಿಲ್ಲ. ಕುಷ್ಠವಲ್ಲವೆಂದು ನನಗೆ ಅಲ್ಲೇ ಗೊತ್ತಾಯಿತು. ಆದರೂ ಪೂರ್ತಿ ಖಾತ್ರಿಯಾಗದೆ ಸಹಿ ಹಾಕುವುದು ನನ್ನ ಜಾಯಮಾನವಲ್ಲ. ಗುಣವಾದ ಮೇಲೆ ಚೀಟಿ ಎಂದುಬಿಟ್ಟೆ.

ನನ್ನ ಮೊದಲ ಗುಮಾನಿ ಹೊರಗಿಂದ ಹತ್ತಿದ ಬಣ್ಣದ ಮೇಲೆ. ಡೊಂಬಿವಲಿಯಲ್ಲಿ ನಲ್ಲಿ ಬರುವುದು ಹೊತ್ತು ನೋಡಿ. ಆದ್ದರಿಂದ ಕೆಮಿಕಲ್ ಕಂಪನಿಗಳ ಹಳೇ ಡ್ರಮ್ಮುಗಳನ್ನು ತಂದು ನೀರು ತುಂಬಿಡುವವರು ಬಹಳ. ಶಾಂತವ್ವನ ಮನೆಯಲ್ಲೂ ಅಂಥದ್ದೊಂದಿತ್ತು. ಸ್ಪಿರಿಟ್‌ನಿಂದ ಉಗುರು ಒರೆಸಿ ಕೆರೆದು ನೋಡಿದೆ. ಬಣ್ಣ ಮೇಲಿರಲಿಲ್ಲ, ಅಡಿಯಲ್ಲಿತ್ತು. ಉಗುರಿನ ತುದಿ ಚರ್ಮದಿಂದ ಬಿಟ್ಟುಕೊಂಡಿತ್ತು. ಮುಂದಿನ ಗುಮಾನಿ ಫಂಗಸ್ ಮೇಲೆ. ಮೈಕ್ರೋಸ್ಕೋಪಿನಲ್ಲಿ ಅದೂ ಕಾಣಲಿಲ್ಲ. ಉಗುರಿನಡಿಯ ಕೊಳೆಯನ್ನು ಕಲ್ಚರ್ ಪರೀಕ್ಷೆಗೆ ಠಾಣೆ ಪಟ್ಟಣದ ಲ್ಯಾಬಿಗೆ ಕಳಿಸಿದೆ. ಹೊರಡುವಾಗ, "ಅಡುಗೆ ಮಾಡುವಾಗ ಬೆರಳು ಮುಚ್ಚಿಕೊಳ್ಳಿ ಶಾಂತಕ್ಕ, ಹಿಟ್ಟಿಗೆ ತಾಗಬಾರದು," ಎಂದೆ.

ವರದಿ ಸೂಡೋಮೋನಾಸ್ ಎಂದಿತು. ಇದು ತೇವದಲ್ಲಿ ಬೆಳೆಯುವ ಬ್ಯಾಕ್ಟೀರಿಯಾ, ಹಸಿರು ಬಣ್ಣವನ್ನು ತಾನೇ ತಯಾರಿಸುತ್ತದೆ. ಸಡಿಲಾದ ಉಗುರಿನ ಸಂದಿನಲ್ಲಿ ನೀರು ನಿಂತರೆ ಅಲ್ಲೇ ಮನೆ ಮಾಡುತ್ತದೆ. ಉಗುರು ಸಡಿಲಾದದ್ದು ಹೇಗೆಂದು ಶಾಂತವ್ವನ ಬಾಯಿಂದಲೇ ಬಂತು. ರೊಟ್ಟಿ ಬಡಿಯುವಾಗ ಕೈ ಸದಾ ಒದ್ದೆ, ಮೇಲೆ ಹಿಟ್ಟು ನಾದುವ ಪರಾತಕ್ಕೆ ಅಂಟಿದ್ದನ್ನು ಹೆಬ್ಬೆರಳ ಉಗುರಿನಿಂದ ಕೆರೆಯುವ ಅಭ್ಯಾಸ. ಬಿಟ್ಟುಕೊಂಡ ಭಾಗವನ್ನು ಕತ್ತರಿಸಿದೆ. ಒಂದು ಪಾಲು ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ದಿನಕ್ಕೆರಡು ಸಲ ಹತ್ತು ನಿಮಿಷ ಬೆರಳು ಅದ್ದಿ ಒರೆಸಬೇಕು, ಆಮೇಲೆ ಜೆಂಟಾಮೈಸಿನ್ ಡ್ರಾಪ್ಸ್ ಬಿಡಬೇಕು, ಕೈ ಒಣಗಿರಬೇಕು ಎಂದು ಹೇಳಿ ಕಳಿಸಿದೆ.

ಎರಡು ವಾರದ ಮೇಲೆ ನೋಡಿದರೆ ಹಸಿರು ಇನ್ನಷ್ಟು ಒಳಕ್ಕೆ ಹೋಗಿತ್ತು. ನನಗೆ ಸಿಟ್ಟು ಬಂತು. "ಔಷಧಿ ಹಾಕ್ತಿದ್ದೀರಾ, ಇಲ್ಲ ಸುಮ್ಮನೆ ಹೇಳ್ತಿದ್ದೀರಾ?"

"ದೇವರಾಣಿ ಹಾಕ್ತೀನ್ರೀ."

ಬಾಟ್ಲಿ ತರಿಸಿ ನೋಡಿದೆ. ಅರ್ಧ ಖಾಲಿಯಾಗಿತ್ತು. ಚೆಲ್ಲಿರಬೇಕು ಅಂದುಕೊಂಡೆ. ಮತ್ತೆ ಡ್ರಮ್ಮಿನ ನೀರಿನ ಮೇಲೆ ಗುಮಾನಿ ಬಂತು. ಹೇಳಿ ಡ್ರಮ್ಮನ್ನು ಹೊರಗೆ ಹಾಕಿಸಿದೆ. ಶಾಂತವ್ವ ಪಕ್ಕದ ಬಿಲ್ಡಿಂಗಿನಿಂದ ಕೊಡದಲ್ಲಿ ನೀರು ಹೊತ್ತರು. ಉಣ್ಣಲು ಬರುತ್ತಿದ್ದ ಇಪ್ಪತ್ತು ಜನ ಅಷ್ಟರಲ್ಲಿ ಏಳಕ್ಕೆ ಇಳಿದಿದ್ದರು.

ಖೋಲಿ ಮಾಲೀಕನ ಗಡುವಿಗೆ ಇನ್ನು ನಾಲ್ಕೇ ದಿನ ಎನ್ನುವಾಗ, ಒಂದು ಭಾನುವಾರ ಮಧ್ಯಾಹ್ನ ಹೇಳದೆ ಕೇಳದೆ ಖಾನಾವಳಿಗೆ ಹೋದೆ. ಸುಳ್ಳು ಹಿಡಿಯಬೇಕೆಂದೇ ಹೋದದ್ದು. ಶಾಂತವ್ವ ರೊಟ್ಟಿ ಬಡಿಯುತ್ತಿದ್ದರು. ಹೆಬ್ಬೆರಳಿಗೆ ಕೆಂಪು ರಬ್ಬರ್ ಟೋಪಿ, ಆಫೀಸಿನಲ್ಲಿ ಕಾಗದ ತಿರುವಲು ಹಾಕಿಕೊಳ್ಳುತ್ತಾರಲ್ಲ, ಅದು. ತೆಗೆಯಲು ಹೇಳಿದೆ. ಒಳಗಿಂದ ನೀರು ತೊಟ್ಟಿಕ್ಕಿತು. ಬೆರಳು ನೆನೆದು ಬೆಳ್ಳಗೆ ಸುಕ್ಕಾಗಿತ್ತು.

"ಇದನ್ಯಾಕೆ ಹಾಕಿದ್ರಿ?"

"ನೀವ ಹೇಳಿದ್ರಲ್ರೀ, ಮುಚ್ಚಿಕೋರಿ ಅಂತ. ಊಟಕ್ಕ ಬರೋ ಕ್ಲಾರ್ಕ್ ಒಬ್ರು ತಂದುಕೊಟ್ರು. ಮುಂಜಾನಿಂದ ರಾತ್ರಿತನಾ ಹಾಕ್ಕೊಂಡಿರ್ತೀನಿ. ಔಷಧಿ ಹಾಕೋವಾಗ, ನಿಮ್ಮಲ್ಲಿ ಬರೋವಾಗಷ್ಟ ತಗೀತೀನ್ರೀ."

ಆಕೆ ನನ್ನ ಒಂದು ಮಾತನ್ನೂ ಮೀರಿರಲಿಲ್ಲ. ಮುಚ್ಚಿಕೊಳ್ಳಿ ಎಂದವನು ನಾನು, ಒಣಗಿರಲಿ ಎಂದವನೂ ನಾನು. ಒದ್ದೆ ಕೆಲಸದವರಿಗೆ ಎರಡೂ ಹೇಗೆ ಸಾಧ್ಯವೆಂದು ಯೋಚಿಸಿರಲಿಲ್ಲ. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. "ಇದು ಕುಷ್ಠವಲ್ಲ, ನೀರಿನಿಂದ ಬಂದ ಉಗುರಿನ ಸೋಂಕು. ಇಷ್ಟು ದಿನ ವಾಸಿಯಾಗದ್ದು ನನ್ನ ತಪ್ಪು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಅಲ್ಲೇ ಕೂತು ಚೀಟಿ ಬರೆದೆ. ಮೊದಲ ದಿನವೇ ಬರೆಯಬಹುದಾಗಿದ್ದ ಚೀಟಿ.

ಮೂರು ವಾರ ನೆರೆಮನೆಯಾಕೆ ರೊಟ್ಟಿ ಬಡಿದರು. ಶಾಂತವ್ವ ಒಣಗಿದ ಕೈಯಲ್ಲಿ ಬಡಿಸುವ ಸೌಟನ್ನಷ್ಟೇ ಹಿಡಿದರು. ಹಸಿರು ನಿಂತಿತು, ಸಂಕ್ರಾಂತಿ ಹೊತ್ತಿಗೆ ಉಗುರು ಸ್ವಚ್ಛವಾಗಿ ಬೆಳೆದಿತ್ತು. ಬಿಟ್ಟುಹೋದವರಲ್ಲಿ ಕೆಲವರು ಮರಳಿದರು, ಕೆಲವರು ಬರಲೇ ಇಲ್ಲ.

ನಾನು ಡ್ರಮ್ಮನ್ನು ಸಂಶಯಿಸಿದೆ, ಫಂಗಸ್ಸನ್ನು ಸಂಶಯಿಸಿದೆ, ಕೊನೆಗೆ ಆ ಹೆಂಗಸಿನ ಮಾತನ್ನೂ ಸಂಶಯಿಸಿದೆ. ಅಂದಿನಿಂದ ನಿವೃತ್ತಿಯಾಗುವವರೆಗೆ, ಗುಣವಾಗದ ರೋಗಿ ತಿರುಗಿ ಬಂದರೆ ಖಾಲಿ ಸ್ಟ್ರಿಪ್ ಕೇಳಲಿಲ್ಲ. "ನಾನು ಏನು ಹೇಳಿದ್ದೆ, ನೀವು ಅದನ್ನು ಹೇಗೆ ಮಾಡಿದಿರಿ?" ಎಂದು ಮೊದಲು ಕೇಳುತ್ತಿದ್ದೆ.