ಒಂದೇ ಲೆನ್ಸು, ಎರಡು ಪಾದ

ಊರಿಗೆ ಹೊರಡುವಾಗ ನಾನು ಬಟ್ಟೆಯನ್ನು ಐದು ನಿಮಿಷದಲ್ಲಿ ತುಂಬಿಕೊಳ್ಳುತ್ತೇನೆ, ಲೆನ್ಸು ಆರಿಸಲು ಎರಡು ದಿನ ತೆಗೆದುಕೊಳ್ಳುತ್ತೇನೆ. ಈ ದೌರ್ಬಲ್ಯವನ್ನು ನಾನೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಇಲ್ಲದಿದ್ದರೆ ನನ್ನ ಹೆಂಡತಿ ಅದನ್ನು ಇನ್ನೂ ಚೆನ್ನಾಗಿ ಹೇಳುತ್ತಾಳೆ. ಹೋದ ತಿಂಗಳು ಸೋಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ನಾಲ್ಕು ಲೆನ್ಸುಗಳನ್ನು ಸಾಲಾಗಿ ನಿಲ್ಲಿಸಿಕೊಂಡು ಕೂತಿದ್ದೆ. ಆಕೆ ರೊಟ್ಟಿಯ ಬುಟ್ಟಿ ಇಡಲು ಜಾಗ ಸಿಗದೆ ನಿಂತುಕೊಂಡೇ ಕೇಳಿದಳು:

“ಅಹೋ, ತಡವಳಕ್ಕ ಹೊಂಟೀರೋ, ಲಡಾಖಕ್ಕ ಹೊಂಟೀರೋ?”

ತಡವಳಕ್ಕೇ. ಅಕ್ಕಲಕೋಟೆ ತಾಲೂಕಿನ ಆ ಊರಿಗೆ ನನ್ನ ಅಕ್ಕನನ್ನು ಕೊಟ್ಟಿದೆ. ಅವಳ ಅತ್ತೆಯನ್ನು ಮನೆಮಂದಿಯೆಲ್ಲ ಆಯಿ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎಂಬತ್ತು ದಾಟಿದ ಆಯಿಗೆ ಗೋಡೆಗೆ ಹಾಕುವಂಥ ಒಂದು ದೊಡ್ಡ ಫೋಟೋ ಬೇಕಾಗಿತ್ತು. ಆ ವಯಸ್ಸಿನವರು ಅಂಥ ಫೋಟೋ ಕೇಳಿದರೆ ಯಾತಕ್ಕೆ ಎಂದು ಯಾರೂ ಕೇಳುವುದಿಲ್ಲ. ಅಕ್ಕ ಫೋನಿನಲ್ಲಿ ಹೇಳಿದ್ದು ಇಷ್ಟು: “ಮುಂದಿನ ವಾರ ಅವ್ರ ಕಣ್ಣಿನ ಆಪರೇಶನ್ ಅದ. ಅದಕ್ಕೂ ಮದಲ ಫೋಟೋ ಆಗಬೇಕಂತ ಹಟ ಹಿಡದಾರ. ನೀನೇ ತೆಗೀಬೇಕಂತ. ಬಾ.”

ನನ್ನದು ಮಿರರ್‌ಲೆಸ್ ಕ್ಯಾಮೆರಾ. ಹಳೆಯ ಕ್ಯಾಮೆರಾಗಳ ಹೊಟ್ಟೆಯಲ್ಲೊಂದು ಕನ್ನಡಿ ಇರುತ್ತಿತ್ತು. ಜನರ ಹೆಗಲು ನೋಯುತ್ತದೆಂದು ಪಾಪ ಅದನ್ನು ಕಿತ್ತು ಹಗುರ ಮಾಡಿದರು. ಹಾಗೆ ಇಳಿದ ಭಾರವನ್ನು ನಾನು ಲೆನ್ಸು ಕೊಂಡು ಕೊಂಡು ಮತ್ತೆ ತುಂಬಿದೆ. ನಮ್ಮ ಹಿರಿಯರು ಒಂದು ತಂಬಿಗೆ, ಒಂದು ಕಂಬಳಿ, ನಾಲ್ಕು ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ವಾರಗಟ್ಟಲೆ ಯಾತ್ರೆ ಮಾಡಿ ಬರುತ್ತಿದ್ದರು. ಕಂಬಳಿಯೊಂದೇ ಹಾಸಲಿಕ್ಕೂ ಹೊದೆಯಲಿಕ್ಕೂ ಆಗುತ್ತಿತ್ತು. ನನಗೆ ಮಾತ್ರ ಹತ್ತಿರದ್ದಕ್ಕೆ ಒಂದು, ದೂರದ್ದಕ್ಕೆ ಒಂದು, ಎರಡರ ನಡುವೆ ಅನುಮಾನ ಬಂದರೆ ಇನ್ನೊಂದು.

ಇದರ ಫಲವನ್ನು ಬೋರಾಮಣಿಯ ಹುಲ್ಲುಗಾವಲಿನಲ್ಲಿ ಒಮ್ಮೆ ಉಂಡಿದ್ದೇನೆ. ಅಂದು ಇದ್ದಬದ್ದ ಲೆನ್ಸುಗಳನ್ನೆಲ್ಲ ಹೊತ್ತೊಯ್ದಿದ್ದೆ. ಒಂದು ಕೃಷ್ಣಮೃಗ ತಾನಾಗಿ ಬಂದು, ಎದುರು ನಿಂತು, ನನ್ನನ್ನು ಸಾವಕಾಶವಾಗಿ ನೋಡಿತು. ನಾನು ಒಂದು ಲೆನ್ಸು ಬಿಚ್ಚಿ ಇನ್ನೊಂದನ್ನು ಕೂರಿಸುತ್ತಿದ್ದೆ. ಕೂರಿಸುವಷ್ಟರಲ್ಲಿ ಅದು ಹೋಗಿತ್ತು, ಅದರ ಬದಲು ಕ್ಯಾಮೆರಾದೊಳಗೆ ಧೂಳು ಬಂದಿತ್ತು. ಆಮೇಲೆ ತಿಂಗಳುಗಟ್ಟಲೆ ನನ್ನ ಎಲ್ಲ ಆಕಾಶಗಳಲ್ಲೂ ಒಂದು ಕರಿ ಚುಕ್ಕೆ. ಗೆಳೆಯನೊಬ್ಬ ಅದನ್ನು ಹದ್ದು ಎಂದು ಮೆಚ್ಚಿಕೊಂಡ. ನಾನು ತಿದ್ದಲಿಲ್ಲ.

ಅಂದಿನಿಂದ ಒಂದೇ ಲೆನ್ಸು ಒಯ್ಯಬೇಕೆಂಬ ನಿಯಮ ಮಾಡಿಕೊಂಡಿದ್ದೇನೆ. ಆ ಒಂದು ಯಾವುದು ಎಂಬುದಕ್ಕೇ ಎರಡು ದಿನ ಹಿಡಿಯುವುದು. ಈ ಸಲ ಎಂಬತ್ತೈದು ಮಿಲಿಮೀಟರಿನ ಲೆನ್ಸು ಗೆದ್ದಿತು. ಅದು ಮುಖಕ್ಕೆಂದೇ ಹುಟ್ಟಿದ್ದು: ಕಣ್ಣಿನ ರೆಪ್ಪೆಯನ್ನು ಎಣಿಸಬಹುದು, ಹಿಂದಿನ ಗೋಡೆಯೆಲ್ಲ ಬೆಣ್ಣೆಯಂತೆ ಕರಗಿಹೋಗುತ್ತದೆ. ನಮ್ಮ ಅವ್ವನ ಫೋಟೋ ತೆಗೆದದ್ದು ಅದರಿಂದಲೇ. ಈಗ ಆ ಫೋಟೋ ನಮ್ಮ ನಡುಮನೆಯಲ್ಲಿ, ಸ್ವಿಚ್ ಬೋರ್ಡಿನ ನೇರ ಮೇಲೆ, ಹಾರ ಹಾಕಿಕೊಂಡು ತೂಗುತ್ತಿದೆ. ಬಂದವರೆಲ್ಲ “ಏನ್ ಮಾರಿ ಬಂದದಪಾ, ಈಗ ಮಾತಾಡ್ತಾರೇನೋ ಅನಸ್ತದ” ಎನ್ನುತ್ತಾರೆ. ಸತ್ಯ ಹೇಳಬೇಕೆಂದರೆ ಆ ಹೊಗಳಿಕೆಯೇ ನನ್ನ ಚೀಲಕ್ಕೆ ಎಂಬತ್ತೈದನ್ನು ಹಾಕಿತು.

ಅಕ್ಕಲಕೋಟೆಗೆ ಬಸ್ಸು, ಅಲ್ಲಿಂದ ಭಾವನ ಮೋಟರ್‌ಸೈಕಲ್ಲು. ಬೆನ್ನ ಮೇಲೆ ಭಾರವಿಲ್ಲ, ಮನಸ್ಸಿನಲ್ಲಿ ಸಂಶಯವಿಲ್ಲ. ತಡವಳ ಮುಟ್ಟುವಾಗ ನಾನು ಹಗುರ ಪ್ರವಾಸದ ಬಗ್ಗೆ ಭಾವನಿಗೆ ಉಪದೇಶ ಮಾಡುತ್ತಿದ್ದೆ. ಗಾಳಿಯಲ್ಲಿ ಅವರಿಗೆ ಏನೂ ಕೇಳಿಸಿರಲಿಕ್ಕಿಲ್ಲ.

ಆಯಿ ತಯಾರಾಗಿ ಕೂತಿದ್ದರು. ಹಸಿರು ಇಳಕಲ್ ಸೀರೆ, ಹಣೆಗೆ ಮೂರೆಳೆ ವಿಭೂತಿ. ಪಡಸಾಲೆಯಲ್ಲಿ, ತೀರಿಹೋದ ಯಜಮಾನರ ಫೋಟೋದ ಕೆಳಗೆ ಕುರ್ಚಿ. ಅಲ್ಲೇ ಕೂರುವುದೆಂದು ಅವರೇ ನಿರ್ಧರಿಸಿದ್ದರು. ನಾನು ಐದಾರು ಅಡಿ ದೂರದಿಂದ ತೆಗೆದೆ. ನಾನೇ ಹೇಳಿಕೊಳ್ಳಬಾರದು, ಆದರೂ ಬಹಳ ಚೆನ್ನಾಗಿ ಬಂದಿತ್ತು. ಕ್ಯಾಮೆರಾದ ಪರದೆಯನ್ನು ಅವರ ಮುಂದೆ ಹಿಡಿದೆ. ಪೊರೆ ಬಂದ ಕಣ್ಣಿಗೆ ಅದನ್ನು ಒತ್ತಿಕೊಂಡಷ್ಟು ಹತ್ತಿರ ತಂದು ನೋಡಿದರು.

“ಮಾರಿ ಛಲೋ ಬಂದದ. ಪಾದ ಎಲ್ಲಿ?”

“ಆಯಿ, ಇದು ಮಾರಿ ತೆಗಿಯೋ ಲೆನ್ಸ್ ಅದರಿ. ಇದ್ರಾಗ ಪಾದ ಬರಂಗಿಲ್ಲ.”

“ಬರಂಗಿಲ್ಲಂದ್ರ? ನಾ ಏನ್ ಪಾದ ಒಳಗಿಟ್ಟು ಬಂದು ಕುಂತೀನೇನ?”

ನಗೆ ಎದ್ದಿತು. ಇಂಥ ಚಿತ್ರದಲ್ಲಿ ಭಾವವೆಲ್ಲ ಕಣ್ಣಿನಲ್ಲಿರುತ್ತದೆ, ಪಾದದ ಅಗತ್ಯವಿಲ್ಲ ಎಂದು ನಾನು ವಿವರಿಸತೊಡಗಿದೆ. ಆಯಿ ಅರ್ಧಕ್ಕೇ ಎದ್ದು, ನನ್ನ ಕೈ ಹಿಡಿದು, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಯಜಮಾನರು ಹೋದಾಗ ಮನೆಯಲ್ಲಿ ಸಿಕ್ಕಿದ್ದು ಗುರುತಿನ ಚೀಟಿಗೆ ತೆಗೆಸಿದ ಸಣ್ಣ ಫೋಟೋ ಒಂದೇ. ಅದನ್ನೇ ದೊಡ್ಡದು ಮಾಡಿಸಿ ಹಾಕಿದ್ದಾರೆ. ಟೋಪಿ, ಮೀಸೆ, ಅಂಗಿಯ ಮೊದಲ ಗುಂಡಿ, ಅಲ್ಲಿಗೆ ಮುಗಿಯಿತು. ಚೌಕಟ್ಟಿನ ಕೆಳಗೆ ಒಂದು ಮೊಳ ಬಿಟ್ಟು, ತಿಳಿನೀಲಿ ಸುಣ್ಣದ ಬರಿಗೋಡೆಯ ಮೇಲೆ, ಅಕ್ಕಪಕ್ಕದಲ್ಲಿ ಎರಡು ಬಿಳಿ ಕಲೆಗಳಿದ್ದವು. ಎಷ್ಟೋ ಸಲ ಆ ಮನೆಗೆ ಹೋಗಿದ್ದೇನೆ, ಸುಣ್ಣ ಉದುರಿದೆ ಎಂದುಕೊಂಡಿದ್ದೆ. ಅದು ವಿಭೂತಿ. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಆಯಿ, ಗಂಡನ ಪಾದ ಇಲ್ಲಿ ಇರಬೇಕು ಎಂದು ಅಂದಾಜು ಮಾಡಿ ಹಚ್ಚುತ್ತ ಬಂದಿದ್ದರು.

“ಇವ್ರಿಗಿ ನಾ ಅಂದಾಜ್‌ದಾಗ ನಡಸೇನಿ. ನಾಳಿ ನನಗ ಸೊಸೆಂದ್ರು, ಮೊಮ್ಮಕ್ಕಳು ನಮಸ್ಕಾರ ಮಾಡಬೇಕಂದ್ರ ಎಲ್ಲಿ ಹಣಿ ಹಚ್ಚಬೇಕಪಾ? ಗಂಟಲಿಗೇನ?”

ಆಯಿ ಹೋಗಿ ಮತ್ತೆ ಕುರ್ಚಿಯಲ್ಲಿ ಕೂತರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ನಾನು ಕಾಲೇ ಹಿಡಿಸದ ಹಾಸಿಗೆ ತಂದಿದ್ದೆ. ಹಿಂದೆ ಸರಿಯತೊಡಗಿದೆ. ಮಂಡಿ ಬಂತು. ಇನ್ನೂ ಸರಿದೆ, ಬೆನ್ನಿಗೆ ಜೋಳದ ಚೀಲ ತಾಗಿತು, ಪಾದ ಬರಲಿಲ್ಲ. ಭಾವ ಮೆಲ್ಲಗೆ ಫೋನು ತೆಗೆದು, “ಇದ್ರಾಗ ಹೊಡದ್ರ ಆತಲ್ಲ, ಪಾದ, ಮ್ಯಾಲಿನ ಛತ್ತ, ಎಲ್ಲಾ ಸಗಳೇ ಬರ್ತದ” ಎಂದರು. ಆಯಿ ಒಪ್ಪಲಿಲ್ಲ. “ಅವ ಸೋಲಾಪುರದಿಂದ ಕ್ಯಾಮೆರಾ ಹೊತಗೊಂಡು ಬಂದಾನ. ಅವನೇ ತೆಗೀಲಿ.” ಬೈದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕೊನೆಗೆ ತಲೆಬಾಗಿಲಿನ ಎರಡೂ ಕದ ತೆರೆಸಿದೆ. ಹೊಸ್ತಿಲು ದಾಟಿದೆ, ಓಣಿ ದಾಟಿದೆ, ಎದುರು ಮನೆಯ ಕಟ್ಟೆ ಹತ್ತಿ ನಿಂತೆ. ಅಲ್ಲಿಂದ ನೋಡಿದರೆ ಆಯಿ ಪೂರ್ತಿ ಇದ್ದರು, ತಲೆಯಿಂದ ಪಾದದವರೆಗೆ. ಆದರೆ ನನ್ನ ಮಾತು ಅವರಿಗೆ ಮುಟ್ಟುತ್ತಿರಲಿಲ್ಲ. ಅಕ್ಕ ಹೊಸ್ತಿಲ ಪಕ್ಕಕ್ಕೆ ನಿಂತು ಸುದ್ದಿ ಸಾಗಿಸಿದಳು.

“ಗದ್ದ ಜರಾ ಮ್ಯಾಲ ಮಾಡ್ಬೇಕಂತರಿ, ಆಯಿ!”

ಒಳಗಿನಿಂದ ಬಂದ ಜವಾಬನ್ನು ಆಕೆ ನನ್ನ ಕಡೆ ತಿರುಗಿಸಿದಳು: “ಪಾದ ಬಂದಾವೇನಂತ!”

ನಡುವೆ ಓಣಿಯಲ್ಲಿ ಮೋಟರ್‌ಸೈಕಲ್ಲಿನವನೊಬ್ಬ ಇಂಜಿನು ಬಂದ್ ಮಾಡಿ, ಕಾಲೂರಿ ನಿಂತು ಕಾದ. ಆಯಿ ಸೀರೆಯ ನಿರಿಗೆಯನ್ನು ಎರಡು ಬೆರಳು ಮೇಲೆ ಎಳೆದುಕೊಂಡರು. ಹೆಬ್ಬೆರಳು, ಸೀಳಿದ ಹಿಮ್ಮಡಿಯ ಅಂಚು, ಎಲ್ಲ ಕಂಡವು. ನಾನು ಗುಂಡಿ ಒತ್ತಿದೆ. ಪರದೆ ತೋರಿಸಿದಾಗ ಅವರು ಮುಖ ನೋಡಲೇ ಇಲ್ಲ. ಚಿತ್ರದ ಕೆಳಗಿನ ಅಂಚಿಗೆ ಬೆರಳಿಟ್ಟು, “ಹಾಂ. ಈಗ ನಾ ಹೋಗಾಕ ಅಡ್ಡಿ ಇಲ್ಲ,” ಎಂದು ಚಹಾ ಮಾಡಲು ಹೇಳಿದರು.

ಸೋಲಾಪುರಕ್ಕೆ ಮರಳಿದ ಮರುದಿನ ಬೆಳಿಗ್ಗೆ ಮನೆಯಲ್ಲಿ ಎಂದಿನಂತೆ ಊದಿನಕಡ್ಡಿ ಹಚ್ಚಿ ಅವ್ವನ ಫೋಟೋದ ಮುಂದೆ ನಿಂತೆ. ರೆಪ್ಪೆಗಳನ್ನು ಎಣಿಸಬಹುದಿತ್ತು. ಕೊರಳ ಕೆಳಗೆ ಚೌಕಟ್ಟು. ಅವಳ ಪಾದ ಹೇಗಿದ್ದವು ಎಂದು ನೆನೆಸಿಕೊಳ್ಳಲು ಹೋದೆ. ಪ್ರತಿ ಹಬ್ಬಕ್ಕೂ ಮುಟ್ಟಿದ ಪಾದ, ನೆನಪಾಗಲಿಲ್ಲ. ಇನ್ನು ಯಾವ ಓಣಿ ದಾಟಿ, ಯಾವ ಕಟ್ಟೆ ಹತ್ತಿ ನಿಂತರೂ ಅವು ಚಿತ್ರದಲ್ಲಿ ಬರುವಂತಿಲ್ಲ.

ಆಯಿಯ ಲೆಕ್ಕದಲ್ಲಿ ಚೌಕಟ್ಟಿನಿಂದ ಒಂದು ಮೊಳ ಕೆಳಗೆ ಕೈ ಚಾಚಿ, ಕಣ್ಣು ಮುಚ್ಚಿ ಮುಟ್ಟಿದೆ. ಬೆರಳಡಿ ಸ್ವಿಚ್ಚು ಟಿಕ್ ಎಂದಿತು, ಫ್ಯಾನು ತಿರುಗತೊಡಗಿತು. ಅವ್ವನ ಹಾರ ಅಲುಗಾಡಿತು.

“ಮುಂಜಾನಿ ಮುಂಜಾನಿ ಫ್ಯಾನ್ ಯಾಕ ಹಚ್ಚೀರಿ?” ಎಂದಳು ಹೆಂಡತಿ ಅಡಿಗೆಮನೆಯಿಂದ.

“ಇರ್ಲಿ ಬಿಡು,” ಎಂದೆ. ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇಟ್ಟುಕೊಂಡಿದ್ದೆ.