ಕೂತು ನೋಡುವ ಕೆಲಸ

ಪ್ಲಾಸ್ಟಿಕ್ ಸ್ಟೂಲು ಮಾಡುವ ಆ ಕಾರ್ಖಾನೆಯಲ್ಲಿ ಅವಳಿಗೆ ಕೂರುವುದೇ ಕೆಲಸ. ಹೊಸಬರು ಕೇಳಿ ಕಿಸಕ್ಕೆಂದರೆ ಅವಳು ಅವರನ್ನು ಮೇಲಿಂದ ಕೆಳಗೆ ಒಮ್ಮೆ ನೋಡುತ್ತಿದ್ದಳು. ನಗು ಅಲ್ಲಿಗೇ ನಿಲ್ಲುತ್ತಿತ್ತು. ಅಚ್ಚಿನಿಂದ ಬಂದ ಪ್ರತಿ ಐವತ್ತು ಸ್ಟೂಲಿಗೆ ಒಂದನ್ನು ಎತ್ತಿಕೊಂಡು, ಸಮತಟ್ಟಾದ ಕಲ್ಲಿನ ಮೇಲಿಟ್ಟು, ಮೈಯ ಭಾರ ಪೂರ್ತಿ ಬಿಟ್ಟು ಕೂರುವಳು. ಇಪ್ಪತ್ತರವರೆಗೆ ಎಣಿಸುವಳು. ಹಿಂದಕ್ಕೆ ಮುಂದಕ್ಕೆ, ಎಡಕ್ಕೆ ಬಲಕ್ಕೆ ವಾಲುವಳು. ಆಮೇಲೆ ಸ್ಟೂಲನ್ನು ಬೋರಲು ಹಾಕಿ, ಕಾಲು ಪೀಠಕ್ಕೆ ಸೇರುವ ಮೂಲೆಯಲ್ಲಿ ಕೂದಲೆಳೆಯಂಥ ಬಿಳಿ ಗೆರೆ ಬಿದ್ದಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡುವಳು. ಪ್ಲಾಸ್ಟಿಕ್ಕು ತನ್ನ ನೋವು ಹೇಳಿಕೊಳ್ಳುವುದು ಹಾಗೆ. ಮುರಿಯುವ ಮೊದಲು ಬೆಳ್ಳಗಾಗುತ್ತದೆ. ಗೆರೆ ಕಂಡರೆ ಐವತ್ತೂ ವಾಪಸ್ಸು.

ಇಪ್ಪತ್ತೆರಡು ವರ್ಷದ ಹಿಂದೆ ಅವಳು ಸೇರಿದ್ದು ಪ್ಯಾಕಿಂಗಿಗೆ. ಒಂದು ದಿನ ಊಟದ ಹೊತ್ತಿನಲ್ಲಿ ಅವಳು ಕೂತಿದ್ದ ಸ್ಟೂಲಿನ ಕಾಲು ಚಟ್ಟೆಂದಿತು. ಆಗಿನ ದೊಡ್ಡ ಯಜಮಾನರು ಬೈಯುವ ಬದಲು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು. ತೊಂಬತ್ತೆರಡು ಕಿಲೋ. "ಇನ್ಮೇಲೆ ನೀನು ಕೂತು ಒಪ್ಪಿದ್ದೇ ಅಂಗಡಿಗೆ ಹೋಗ್ಬೇಕು" ಎಂದರು. ಪರೀಕ್ಷೆಯ ಹಾಳೆಯ ಮೇಲೆ 'ಭಾರ: 92 ಕಿಲೋ' ಎಂದೇ ಮುದ್ರಣವಾಯಿತು. ಅವಳು ಎಲ್ಲರ ಬಾಯಲ್ಲೂ ಭಾರದಕ್ಕ ಆದಳು.

ಕೂರುವುದು ಅವಳ ಕೆಲಸವಾದರೆ ಅನುಮಾನಿಸುವುದು ಅವಳ ಸ್ವಭಾವ. ಪ್ಲಾಸ್ಟಿಕ್ ಕಾಳಿನ ಚೀಲ ಬಂದರೆ ಮುಷ್ಟಿ ತುಂಬ ತೆಗೆದು ಮೂಸುವಳು. ಹಳೇ ಬಕೆಟ್ಟು ಪುಡಿ ಮಾಡಿ ಬೆರೆಸಿದ್ದರೆ ಸುಟ್ಟ ವಾಸನೆ ಬರುತ್ತದೆ. ಮನೆಯಲ್ಲೂ ಅದೇ ಬುದ್ಧಿ. ಸಕ್ಕರೆ ಕಾಯಿಲೆ ಇದೆ ಎಂದ ಡಾಕ್ಟರನ್ನು ನಂಬದೆ ಇನ್ನಿಬ್ಬರ ಹತ್ತಿರ ಹೋದಳು. ಮೂವರೂ ಒಂದೇ ಮಾತು ಹೇಳಿದಾಗ, ಮೂವರೂ ಸೇರಿಕೊಂಡಿದ್ದಾರೆ ಎಂದಳು. ಮಗಳು ಸಿಹಿಯ ಡಬ್ಬಿಗಳನ್ನು ಮನೆಯಿಂದಾಚೆ ಹಾಕಿ, ತಾಯಿಯನ್ನು ದಿನಾ ಬೆಳಿಗ್ಗೆ ಒಂದು ಗಂಟೆ ನಡೆಸತೊಡಗಿ ಎರಡು ವರ್ಷವಾಗಿತ್ತು. ಹಳೇ ಅಳತೆಯಲ್ಲೇ ಹೊಲಿಸಿದ ಹೊಸ ರವಿಕೆ ಸಡಿಲವಾದಾಗ, "ಅಳತೆ ಟೇಪನ್ನೇ ಎಳೆದು ಹಿಗ್ಗಿಸಿಟ್ಟಿದೀಯ" ಎಂದು ದರ್ಜಿಯ ಅಂಗಡಿಯಲ್ಲಿ ರಂಪ ಮಾಡಿ ಬಂದಿದ್ದಳು.

ಈ ವರ್ಷ ಸ್ಟೂಲಿನ ನಕ್ಷೆ ಬದಲಾಯಿತು. ನಕ್ಷೆ ಬರೆಯಲು ಹೊಸದಾಗಿ ಬಂದ ಹುಡುಗಿ ಕಾಲುಗಳ ದಪ್ಪ ಇಳಿಸಿ, ಒಳಮೈಗೆ ಉಬ್ಬು ಗೆರೆಗಳಂಥ ಉದ್ದುದ್ದ ಏಣುಗಳನ್ನು ಕೊಟ್ಟಿದ್ದಳು.

"ಅಕ್ಕಾ, ಕಾಗದಾನ ಹಾಗೇ ಹಿಡಿದ್ರೆ ಬಾಗುತ್ತೆ. ಒಂದು ಮಡಿಕೆ ಹಾಕಿ ಹಿಡೀರಿ, ನೆಟ್ಟಗೆ ನಿಲ್ಲುತ್ತೆ. ಬಲ ಬರೀ ದಪ್ಪದಲ್ಲಿಲ್ಲ, ಆಕಾರದಲ್ಲೂ ಇದೆ."

"ಕಾಗದದ ಮೇಲೆ ಯಾರೂ ಕೂರಲ್ಲ ಕಣಮ್ಮ."

ಹಾಗೆಂದರೂ ಕೂತು ನೋಡಿದಳು. ಒಂದಲ್ಲ, ಹನ್ನೆರಡು ಸ್ಟೂಲು. ಎಲ್ಲೂ ಬಿಳಿ ಗೆರೆ ಇಲ್ಲ. ಸಹಿ ಹಾಕಿದಳು.

ನಾಲ್ಕು ತಿಂಗಳಿಗೆ ಮೂವತ್ತೊಂದು ಸ್ಟೂಲು ವಾಪಸ್ಸು ಬಂದವು. ಎಲ್ಲದರಲ್ಲೂ ಕಾಲು ಪೀಠಕ್ಕೆ ಸೇರುವ ಅದೇ ಮೂಲೆಯಲ್ಲಿ ಬಿರುಕು. ಹಾಸ್ಟೆಲೊಂದರ ಅಡುಗೆಯವನು ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದ.

ಭಾರದಕ್ಕ ಮೊದಲು ಹಿಡಿದದ್ದು ಕಾಳು ಮಾರುವವನನ್ನು. ಅವನ ಕಾಳನ್ನು ಮೂಸಿದಳು, ಕಾಯಿಸಿದಳು, ತೆಳು ಪಟ್ಟಿಯಾಗಿ ಎರಕ ಹಾಕಿಸಿ ಬಾಗಿಸಿದಳು. ಮಾಲು ಶುದ್ಧವಾಗಿತ್ತು. ನಕ್ಷೆಯತ್ತ ಅವಳ ಅನುಮಾನ ಹೋಗಲೇ ಇಲ್ಲ. ಅದನ್ನು ತಾನೇ ಕೂತು ಒಪ್ಪಿದ್ದಳಲ್ಲ. ಉಳಿದವನು ಯಂತ್ರ ನಡೆಸುವವನು. ದಿನಕ್ಕೆ ಹತ್ತು ಮಾತು ಮೀರದ ಅವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ಅಚ್ಚಿನೊಳಗೆ ಸ್ಟೂಲು ಮೂವತ್ತು ಸೆಕೆಂಡು ತಣ್ಣಗಾಗಬೇಕು. ಬೇಗ ಬಾಗಿಲು ತೆಗೆದರೆ ಎಣಿಕೆಗೆ ಸ್ಟೂಲು ಹೆಚ್ಚು ಸಿಗುತ್ತವೆ, ಆದರೆ ಒಳಗಿನ ಬಿಸಿ ಆರದೆ ಮೂಲೆಗಳು ಸೆಟೆದುಕೊಂಡು ಆಮೇಲೆ ಬಿರಿಯುತ್ತವೆ. ಅವಳು ಗಡಿಯಾರ ಹಿಡಿದು ಅವನ ಬೆನ್ನ ಹಿಂದೆ ನಿಂತಳು.

"ಏನಕ್ಕಾ, ಗಡಿಯಾರ ಕೆಟ್ಟಿದೆಯಾ?"

"ಗಡಿಯಾರ ಸರಿಯಾಗೇ ಇದೆ. ಬೇರೆ ಯಾರಾದ್ರೂ ಕೆಟ್ಟಿದಾರಾ ಅಂತ ನೋಡ್ತಿದೀನಿ."

ಒಂಬತ್ತು ದಿನ ನಿಂತಳು. ಪ್ರತಿ ಸಲವೂ ಮೂವತ್ತು, ಒಮ್ಮೊಮ್ಮೆ ಮೂವತ್ತೊಂದು. ಇಷ್ಟು ಸರಿಯಾಗಿದ್ದದ್ದೇ ಅವಳಿಗೆ ಸರಿ ಕಾಣಲಿಲ್ಲ. ತಾನು ನಿಂತಾಗ ಮೂವತ್ತು, ತಿರುಗಿದಾಗ ಇಪ್ಪತ್ತು ಎಂದು ತೀರ್ಮಾನಿಸಿ, ಈಗಿನ ಚಿಕ್ಕ ಯಜಮಾನರಿಗೆ ಹೇಳಿಬಿಟ್ಟಳು. ಪ್ಯಾಕಿಂಗಿನಲ್ಲಿದ್ದ ಮೌನಿಯ ಹೆಂಡತಿಯ ಕಿವಿಗೂ ಹಾಕಿದಳು. ಮಣಿಕಟ್ಟಿನ ವಿಷಯದಿಂದ ಕಂಗೆಟ್ಟಿದ್ದ ಚಿಕ್ಕ ಯಜಮಾನರು, "ಶನಿವಾರ ಅವನಿಗೆ ಕೊನೇ ದಿನ" ಎಂದರು. ಹತ್ತೊಂಬತ್ತು ವರ್ಷ ದುಡಿದವನು ಅವನು.

ಶನಿವಾರ ಬೆಳಿಗ್ಗೆ ಕಾಳಿನ ಲಾರಿ ಬಂತು. ಅವಳು ಚೀಲಗಳನ್ನು ತೂಗಿದಳು. ಇಪ್ಪತ್ತೈದು, ಇಪ್ಪತ್ತೈದು, ಇಪ್ಪತ್ತೈದು. ಯಂತ್ರದ ಮೇಲೇ ಅನುಮಾನ ಬಂತು. ಪರೀಕ್ಷಿಸಲು ತನ್ನಷ್ಟು ಖಾತ್ರಿಯ ತೂಕದ ಕಲ್ಲು ಇನ್ನೊಂದಿಲ್ಲವೆಂದು ತಾನೇ ಹತ್ತಿ ನಿಂತಳು. ಎಪ್ಪತ್ತಮೂರು.

ಅಚ್ಚು ಕೂರಿಸುವ ಫಿಟ್ಟರ್ ಅಲ್ಲೇ ಹಾದುಹೋಗುತ್ತಿದ್ದ, ಅವಳ ವಾರಿಗೆಯವನು. "ಅಣ್ಣಾ, ಬಾ ಇಲ್ಲಿ. ಈ ಯಂತ್ರ ಹತ್ತೊಂಬತ್ತು ಕಿಲೋ ನುಂಗ್ತಿದೆ."

"ಕಡಿಮೆ ತೋರಿಸ್ತಿದ್ರೆ ಕಾಳಿನವನು ನಮಗೆ ಜಾಸ್ತಿ ಕೊಡ್ತಿದಾನೆ ಅಂತಾಯ್ತಲ್ಲ. ಅಂಥ ಪುಣ್ಯಾತ್ಮನ ಮೇಲೆ ಏನು ದೂರು ನಿಂದು?"

"ತಲೆಹರಟೆ ಸಾಕು, ಹತ್ತು."

ಅವನು ಹತ್ತಿದ. ಅರವತ್ತೊಂದು. "ಹೋದ ವಾರ ಆಸ್ಪತ್ರೇಲೂ ಇಷ್ಟೇ ಇತ್ತು" ಎನ್ನುತ್ತ ಇಳಿದು, ಮೂಲೆಯಲ್ಲಿದ್ದ ಇಪ್ಪತ್ತು ಕಿಲೋ ತೂಕದ ಕಬ್ಬಿಣದ ಬೊಟ್ಟು ತಂದು ಯಂತ್ರದ ಮೇಲಿಟ್ಟ. ಮುಳ್ಳು ಇಪ್ಪತ್ತರ ಮೇಲೆ ನಿಂತಿತು. ಅವನು ಅವಳ ಜೋಲು ಬಿದ್ದ ತೋಳುಗಳನ್ನು ನೋಡಿದ.

"ಅಕ್ಕಾ, ನೀನು ಇದರ ಮೇಲೆ ಹಿಂದೆ ನಿಂತದ್ದು ಯಾವಾಗ?"

"ದೊಡ್ಡ ಯಜಮಾನರು ನಿಲ್ಲಿಸಿದಾಗ."

ಭಾರದಕ್ಕ ಹೊಸ ನಕ್ಷೆಯ ಸ್ಟೂಲೊಂದನ್ನು ಕಲ್ಲಿನ ಮೇಲಿಟ್ಟಳು. ಕಬ್ಬಿಣದ ಬೊಟ್ಟನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕೂತಳು. ಇಪ್ಪತ್ತು ಎಣಿಸಿದಳು, ವಾಲಿದಳು, ಎದ್ದು ಬೋರಲು ಹಾಕಿದಳು. ನಾಲ್ಕು ಮೂಲೆಯಲ್ಲೂ ಬಿಳಿ ಗೆರೆ.

ಫಿಟ್ಟರ್ ದನಿ ತಗ್ಗಿಸಿದ. "ನಾಳೆಯಿಂದ ಬೊಟ್ಟು ಹಿಡ್ಕೊಂಡೇ ಕೂರು. ನಾನಂತೂ ಏನೂ ನೋಡಿಲ್ಲ. ಸಂಜೆಗೆ ಮೌನಿ ಹೋಗ್ತಾನೆ, ಮಾತೂ ಅವನ ಜೊತೆ ಹೋಗುತ್ತೆ."

ಅವಳಿಗೆ ಅದು ಹೊಳೆಯದೆ ಇರಲಿಲ್ಲ. ಇಪ್ಪತ್ತೆರಡು ವರ್ಷ ಈ ಕಟ್ಟಡದಲ್ಲಿ ಎಲ್ಲವೂ ತಪ್ಪಬಹುದಾಗಿತ್ತು, ಅವಳೊಬ್ಬಳು ತಪ್ಪುವಂತಿರಲಿಲ್ಲ. ಆ ಹೆಸರು ಹೋದರೆ ಉಳಿಯುವವಳು ಯಾರೆಂದು ಅವಳಿಗೇ ಗೊತ್ತಿರಲಿಲ್ಲ. ಆದರೂ ಸ್ಟೂಲನ್ನು ಕಂಕುಳಲ್ಲಿ ಅವುಚಿಕೊಂಡು ಆಫೀಸಿನ ಮೆಟ್ಟಿಲು ಹತ್ತಿದಳು. ಅಲ್ಲಿ ನಕ್ಷೆಯ ಹುಡುಗಿಯೂ ಇದ್ದಳು. ಭಾರದಕ್ಕ ನಿಂತೇ ಎಲ್ಲ ಹೇಳಿದಳು.

"ಅಂದ್ರೆ, ದಿನಾ ತೊಂಬತ್ತೆರಡು ಅಂತ ಇದ್ದ ಹಾಳೆಗೆ ಸಹಿ ಹಾಕಿದ್ದು..." ಚಿಕ್ಕ ಯಜಮಾನರು ಮಾತು ಮುಗಿಸಲಿಲ್ಲ.

"ನಾನೇ. ಹೊರಗೆ ಹೋಗಿರೋದನ್ನೆಲ್ಲ ವಾಪಸ್ ತರಿಸಿ. ಮೌನೀನ ಕಳಿಸ್ಬೇಡಿ."

ಹುಡುಗಿ ಸ್ಟೂಲನ್ನು ತಿರುಗಿಸಿ ಬಿಳಿ ಗೆರೆಯ ಮೇಲೆ ಉಗುರಾಡಿಸಿದಳು. "ಏಣು ಪೀಠಕ್ಕೆ ಸೇರೋ ಜಾಗ ತೀರಾ ಚೂಪಾಗಿದೆ. ಭಾರವೆಲ್ಲ ಆ ಮೂಲೆಗೇ ಬೀಳ್ತಿದೆ. ಅಲ್ಲಿ ದುಂಡಗೆ ಮಾಡ್ಬೇಕಿತ್ತು. ತಪ್ಪು ನಂದೂ ಇದೆ."

"ನಿಂದು ಹಿಡಿಯೋಕೇ ನನ್ನನ್ನ ಕೂರಿಸಿದ್ದು ಕಣಮ್ಮ."

"ಈಗ ನಿಮ್ಮನ್ನೇನು ಮಾಡ್ಲಿ?" ಎಂದರು ಚಿಕ್ಕ ಯಜಮಾನರು.

"ಕೂರೋ ಕೆಲಸ ಕಬ್ಬಿಣಕ್ಕೆ ಕೊಡಿ. ಅದು ವಾಕಿಂಗ್ ಹೋಗಲ್ಲ."

ಅವರಿಗೆ ನಗು ಬಂತು, ತಡೆದುಕೊಂಡರು. ಅವಳು ತಡೆದುಕೊಂಡದ್ದು ಬೇರೆ.

ಕೆಳಗೆ ಯಂತ್ರದ ಸದ್ದಿನಲ್ಲಿ ಮೌನಿಗೆ ವಿಷಯ ಎರಡು ಸಲ ಹೇಳಬೇಕಾಯಿತು. ಅವನು ಅಚ್ಚಿನ ಬಾಗಿಲಿನಿಂದ ಕಣ್ಣು ಕೀಳಲಿಲ್ಲ. ಮೂವತ್ತು ತುಂಬಿದ ಮೇಲೆ ಸ್ಟೂಲು ತೆಗೆದಿಟ್ಟು ಕೈಗವಸು ಬಿಚ್ಚಿದ.

"ನನ್ನ ಹೆಂಡ್ತಿಗೆ ಹೇಳಿ. ನಾನು ಹೇಳಿದ್ರೆ ನಂಬ್ತಿಲ್ಲ ಅವಳು. ನೀವು ಹೇಳಿದ್ದನ್ನ ನಂಬ್ಕೊಂಡು ಕೂತಿದಾಳೆ."

ಅದು ಅವನ ಹತ್ತು ಮಾತಿಗಿಂತ ಹೆಚ್ಚೇ ಆಗಿತ್ತು.

ಪ್ಯಾಕಿಂಗಿನಲ್ಲಿ ಅವನ ಹೆಂಡತಿ ರಟ್ಟಿನ ಪೆಟ್ಟಿಗೆಗೆ ಟೇಪು ಎಳೆಯುತ್ತಿದ್ದಳು. ಕಣ್ಣು ಊದಿಕೊಂಡಿದ್ದವು. ಭಾರದಕ್ಕನನ್ನು ಕಂಡು, ಇನ್ನೇನು ಹೊಸ ಸುದ್ದಿಯೋ ಎಂಬಂತೆ ಮೈ ಬಿಗಿ ಮಾಡಿಕೊಂಡಳು. ಭಾರದಕ್ಕ ಅವಳ ಎದುರಿಗೆ ನೆಲದ ಮೇಲೆ ಕೂತಳು.

"ತಂಗೀ, ಟೇಪು ಕೆಳಗಿಡು. ನಿನ್ನ ಗಂಡನ ವಿಷಯ ನಾನು ಹೇಳಿದ್ದು ಸುಳ್ಳು. ಹೇಗೆ ಸುಳ್ಳು ಅಂತ ಹೇಳ್ತೀನಿ, ಪೂರ್ತಿ ಕೇಳು."