ನಲವತ್ತಮೂರು ಬೈ ಒಂದು

ನಮ್ಮಪ್ಪನ ಮೇಲೆ ನನಗೆ ಪ್ರೀತಿಯಿರಲಿಲ್ಲ ಅಂತ ಯಾರೂ ತಿಳಿಯಬಾರದು. ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಮೈಮುರಿದು ದುಡಿದು ನಮ್ಮನ್ನು ಸಾಕಿದವನು ಅವನು. ಆದರೂ ಈ ಒಂದು ವಿಷಯ ನೆನಪಾದರೆ ಇವತ್ತಿಗೂ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳೋಣ ಅನ್ನಿಸುತ್ತದೆ. ಅದೂ ಎಂಥದ್ದಕ್ಕೆ ಅಂತೀರಿ? ಹೊಲಕ್ಕಲ್ಲ, ಒಡವೆಗಲ್ಲ, ಒಂದು ಮನೆ ನಂಬರಿಗೆ!

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮದು ತಾತ ಕಟ್ಟಿಸಿದ ಮನೆ. ತಾತ ತೀರಿಕೊಂಡ ಮೇಲೆ ಅಪ್ಪ, ಚಿಕ್ಕಪ್ಪ ಭಾಗವಾದರು. ನಡುಮನೆಗೆ ಅಡ್ಡಲಾಗಿ ಗೋಡೆ ಬಂತು. ದೊಡ್ಡವನಾದ್ದರಿಂದ ಅಪ್ಪನೇ ಮೊದಲು ಆರಿಸಿಕೊಂಡ. ಅಡುಗೆಮನೆ, ಬಾವಿ ಇದ್ದ ಭಾಗ ತನಗಿರಲಿ ಅಂದ. ಬೀದಿ ಬಾಗಿಲಿದ್ದ ಭಾಗ ಚಿಕ್ಕಪ್ಪನಿಗೆ ಹೋಯಿತು. ನಾವು ಬೀದಿ ಕಡೆಯ ಗೋಡೆ ಒಡೆದು ಒಂದು ತಗಡಿನ ಬಾಗಿಲು ಇಟ್ಟುಕೊಂಡೆವು. ಒಂದು ಕೊಡ ನೀರಿಗೂ ಜಗಳವಾಗಲಿಲ್ಲ. ಚಿಕ್ಕವ್ವ ನಮ್ಮ ಬಾವಿಯಲ್ಲೇ ನೀರು ಸೇದಿಕೊಂಡು, ಹಾಗೇ ನನ್ನ ತಲೆ ಬಾಚಿ ಹೋಗುತ್ತಿದ್ದಳು.

ಅಷ್ಟರಲ್ಲಿ ಮುನಿಸಿಪಾಲಿಟಿಯವರು ಬೀದಿ ಬೀದಿಗೂ ಹೊಸದಾಗಿ ನಂಬರು ಹಾಕಿಸತೊಡಗಿದರು. ಮೊದಲು ಸೀಮೆಸುಣ್ಣದ ಗುರುತು, ಆಮೇಲೆ ಬಣ್ಣ. ಸೀಮೆಸುಣ್ಣ ಹಿಡಿದು ಬಂದವನು ಚಿಕ್ಕಪ್ಪನ ಬಾಗಿಲ ಪಕ್ಕ 43 ಎಂದು ಬರೆದ. ನಮ್ಮ ಬಾಗಿಲ ಪಕ್ಕ 43/1 ಎಂದು ಬರೆದ. ಅಪ್ಪ ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟ.

"ಏನಯ್ಯ ಅದು, ನಮಗೆ ಮಾತ್ರ ಬಾಲ?"

"ಬೈ ಒಂದು, ಯಜಮಾನ್ರೇ. ಮನೆ ಭಾಗ ಆದ್ರೆ ಹಳೇ ಬಾಗ್ಲಿಗೆ ಹಳೇ ನಂಬ್ರು, ಹೊಸಾ ಬಾಗ್ಲಿಗೆ ಬೈ ನಂಬ್ರು. ರೂಲ್ಸು."

"ದೊಡ್ಡ ಮಗ ನಾನು ಕಣಯ್ಯ! ಬೈ ಹಾಕೋದಾದ್ರೆ ನನ್ ತಮ್ಮಂಗೆ ಹಾಕು."

"ನಂಬ್ರು ಬಾಗ್ಲಿಗೆ ಹಾಕೋದು ಯಜಮಾನ್ರೇ, ಮನ್ಷರಿಗಲ್ಲ," ಅಂದವನೇ ಅವನು ಪಕ್ಕದ ಮನೆಗೆ ಹೋದ.

ಈ ಬೈ ಅನ್ನುವುದು ಇಂಗ್ಲಿಷಿನದು ಅಂತ ನಮ್ಮ ಬೀದಿಗೆ ಹೇಳುವವರು ಯಾರು? ನಮಗೆ ಗೊತ್ತಿದ್ದದ್ದು ಒಂದೇ ಬೈ, ಬಾಯಿ ತುಂಬ ಬೈಯುವ ಬೈ. ಸ್ಕೂಲಿನಲ್ಲಿ ಹುಡುಗಿಯರು "ನಿಮ್ಮನೆ ನಂಬರೆಷ್ಟೇ?" ಅನ್ನುವರು. ನಾನು ಪೆದ್ದಿ, "ನಲವತ್ತಮೂರು ಬೈ ಒಂದು" ಅನ್ನುವೆ. "ಎಲ್ಲಿ, ಒಂದು ಬೈಯೇ, ಕೇಳಣ!" ಅಂತ ಕಿಸಿಕಿಸಿ ನಗುವರು. ಹಾಲು ಹಾಕುವವಳೂ ನಮ್ಮದನ್ನು ಬೈಮನೆ ಅನ್ನತೊಡಗಿದಳು. ನಮ್ಮಪ್ಪನ ಬಾಯಿ ಬೇರೆ ಅಷ್ಟಕ್ಕಷ್ಟೇ. ಬೆಳಗೆದ್ದರೆ ಬೈಗುಳ, ಹಾಗಾಗಿ ಹೆಸರು ಸಲೀಸಾಗಿ ಅಂಟಿಕೊಂಡಿತು.

ಅಪ್ಪನಿಗೆ ಅನ್ನ ಸೇರದಾಯಿತು. ಊಟಕ್ಕೆ ಕೂತರೂ ಅದೇ, ಎದ್ದರೂ ಅದೇ. "ಬಾವಿ ಬೇಕು ಅಂತ ನೀವೇ ಆರಿಸ್ಕೊಂಡ್ರಲ್ಲ, ಈಗ ಯಾರ್‌ನ ಅಂದು ಏನ್ ಸುಖ?" ಎಂದು ಅವ್ವ ಹೇಳಿ ನೋಡಿದಳು. ಆಮೇಲೆ ಒಂದು ದಿನ ಅಪ್ಪ ಇದ್ದಕ್ಕಿದ್ದಂತೆ ನಗುತ್ತ ಎದ್ದು ಕೂತ. "ನಂಬ್ರು ಬಾಗ್ಲಿಗೆ ಅಂದ್ನಲ್ಲ ಅವ್ನು? ಸರಿ. ಬಾಗ್ಲನ್ನೇ ಇತ್ಲಾಗ್ ತಂದ್ರೆ?"

ನಾವು ತಮಾಷೆ ಅಂದುಕೊಂಡೆವು.

ಚಿಕ್ಕವ್ವ ಆಗ ಹಸಿ ಬಾಣಂತಿ. ಅವಳ ಮೊದಲ ಹೆರಿಗೆ ತವರಾದ ನಿಟ್ಟೂರಿನಲ್ಲಾಗಿ, ಕೂಸು ಉಳಿದಿರಲಿಲ್ಲ. ಅದಕ್ಕೇ ಈ ಸಲ ದೊಡ್ಡಾಸ್ಪತ್ರೆ ಹತ್ತಿರವಿರಲಿ ಎಂದು ಚಿಕ್ಕಪ್ಪ ಅವಳನ್ನು ತುಮಕೂರಿನಲ್ಲೇ ಉಳಿಸಿಕೊಂಡಿದ್ದ. ಹೆಣ್ಣು ಕೂಸು, ಅಂಗೈಯಷ್ಟಗಲ. ಅವ್ವನೇ ಎರಡೂ ಹೊತ್ತು ಎರೆದು, ಧೂಪ ಹಾಕಿ, ಚಿಕ್ಕವ್ವನ ಕಿವಿಗೆ ಬಟ್ಟೆ ಕಟ್ಟಿ ಮಲಗಿಸಿ ಬರುತ್ತಿದ್ದಳು. ಕಿಟಕಿಯ ಸಂದಿಗೂ ಚಿಂದಿ ತುರುಕಿದ್ದಳು. ಈ ಕೂಸಿಗೆ ಏನಾದರೂ ಆದರೆ ಚಿಕ್ಕವ್ವ ಉಳಿಯುವುದಿಲ್ಲ ಎನ್ನುವುದು ನಮಗೆಲ್ಲ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು.

ಗೊತ್ತಿದ್ದೂ ಮಾಡಿದ. ಕಾರ್ಖಾನೆಗೆ ರಜೆಯಿದ್ದ ದಿನ, ಗುಬ್ಬಿಯಲ್ಲಿ ಮೇಷ್ಟರಾಗಿದ್ದ ಚಿಕ್ಕಪ್ಪ ಬಸ್ಸು ಹತ್ತಿದ ಮೇಲೆ, ಜೊತೆ ಕೆಲಸದವರಿಬ್ಬರನ್ನು ಕರೆತಂದು ಹಾರೆ ಹಾಕಿಸಿದ. ತಾತ ಇಡಿಸಿದ ಹಲಸಿನ ಬಾಗಿಲು ಅದು. ಚೌಕಟ್ಟು, ಹೊಸ್ತಿಲು ಸಮೇತ ಕೀಳಿಸುತ್ತಿದ್ದ. ಹೊಸ್ತಿಲ ಮೇಲೆ ಅವ್ವ ಬೆಳಿಗ್ಗೆ ತಾನೇ ಇಟ್ಟ ಅರಿಸಿನ ಕುಂಕುಮ ಇನ್ನೂ ಹಸಿಯಾಗಿತ್ತು.

ಸದ್ದಿಗೆ ಚಿಕ್ಕವ್ವ ಕೂಸನ್ನು ಎತ್ತಿಕೊಂಡೇ ಎದ್ದು ಬಂದಳು. "ಬಾವ, ಏನ್ ಬಾವ ಇದು?"

"ನಂಬ್ರು ವಿಷ್ಯ ಕಣವ್ವ. ನೀನು ಒಳೀಕ್ ಹೋಗಿ ಮಲ್ಕೊ. ಆಮೇಲೆ ನಿಮ್ಗೂ ಒಂದು ಬಾಗ್ಲು ಹಾಕಿಸ್ಕೊಡ್ತೀನಿ."

"ಹಸುಗೂಸು ಬಾವ. ಗಾಳಿ ಹೊಡೀತದೆ."

"ರೀ, ಬಾಣಂತಿ ಮನೆ ಹೊಸ್ತ್ಲು ಕಣ್ರೀ! ನಿಮ್ ದಮ್ಮಯ್ಯ, ಬೇಡಿ," ಎಂದು ಅವ್ವ ಹಾರೆಯನ್ನೇ ಹಿಡಿದುಕೊಂಡಳು. ಅಪ್ಪ ಬಿಡಿಸಿಕೊಂಡ. ಬೀದಿಯವರೆಲ್ಲ ನಿಂತು ನೋಡುತ್ತಿದ್ದರು. ಅಯ್ಯೋ, ಆ ಬೀದಿಯವರ ಕಣ್ಣು! ನನಗೆ ಭೂಮಿ ಬಾಯಿಬಿಡಬಾರದೆ ಅನ್ನಿಸಿತು.

ಬಾಗಿಲು ನಮ್ಮ ಗೋಡೆಗೆ ಹೊಂದಲಿಲ್ಲ. ಎತ್ತರ ಹೆಚ್ಚಾಗಿ, ಗೋಡೆಯನ್ನು ಇನ್ನಷ್ಟು ಒಡೆದು ಸೊಟ್ಟಗೆ ನಿಲ್ಲಿಸಿದರು. ಅತ್ತ ಚಿಕ್ಕಪ್ಪನ ಮನೆಗೆ ಬರೀ ಬಾಯಿ ತೆರೆದ ಗೋಡೆ. ನಮ್ಮ ತಗಡಿನ ಬಾಗಿಲು ಅಲ್ಲಿಗೆ ಕಿರಿದಾಯಿತು. ಅವ್ವ ತನ್ನ ಸೀರೆಯನ್ನೇ ಅಡ್ಡ ಕಟ್ಟಿದಳು. ಅದು ಗಾಳಿಗೆ ಪಟಪಟ ಹಾರತೊಡಗಿದಾಗ ಬೀದಿಗೆ ಬೆನ್ನು ಹಾಕಿ ತಾನೇ ಆ ಬಾಯಿಗೆ ಅಡ್ಡ ಕೂತಳು. ಚಿಕ್ಕಪ್ಪ ಬರುವವರೆಗೂ ಏಳಲಿಲ್ಲ.

ಚಿಕ್ಕಪ್ಪ ಬಂದು ನೋಡಿದ. ಕೂಗಾಡುತ್ತಾನೆ ಅಂದುಕೊಂಡಿದ್ದೆವು. ಅವನು ಅಪ್ಪನ ಮುಂದೆ ನಿಂತು, "ಅಣ್ಣಾ, ನಂಬ್ರು ಬೇಕು ಅಂತ ಒಂದ್ ಮಾತ್ ಅಂದಿದ್ರೆ ನಾನೇ ಬುಟ್‌ಕೊಡ್ತಿದ್ನಲ್ಲಣ್ಣ" ಅಂದ. ಅಷ್ಟೇ. ಕೂಗಾಡಿದ್ದರೇ ಎಷ್ಟೋ ವಾಸಿಯಿತ್ತು.

ಆ ರಾತ್ರಿ ಕೂಸಿಗೆ ಎದೆ ಕಟ್ಟಿತು. ಬೆಳಗಾಗುವ ಮೊದಲೇ ಆಸ್ಪತ್ರೆಗೆ ಸೇರಿಸಿದರು. ಉಳಿಯುತ್ತೋ ಇಲ್ಲವೋ ಹೇಳುವವರಿಲ್ಲ. ಅವ್ವ ಅಪ್ಪನ ಜೊತೆ ಮಾತು ಬಿಟ್ಟು, ಊಟ ಬಡಿಸಿಟ್ಟು ಆಸ್ಪತ್ರೆಗೆ ಹೋಗಿಬಿಡುತ್ತಿದ್ದಳು. ಅಪ್ಪ ಕೆಲಸಕ್ಕೂ ಹೋಗದೆ ಜಗುಲಿಯ ಮೇಲೆ ಕೂತಿರುತ್ತಿದ್ದ. ಆಸ್ಪತ್ರೆಯ ಕಡೆ ಮಾತ್ರ ಕಾಲಿಡಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋದಾನು?

ಬಣ್ಣದವನು ಬಂದದ್ದೂ ಆ ದಿನಗಳಲ್ಲೇ. ಡಬ್ಬ, ಬ್ರಷ್ಷು ಹಿಡಿದು ನಿಂತು, ಬಾಯಿ ತೆರೆದ ಆ ಗೋಡೆಯನ್ನೂ ನಮ್ಮ ಸೊಟ್ಟ ಬಾಗಿಲನ್ನೂ ನೋಡಿದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೆಲ್ಲಗೆ, "ಬಾಗ್ಲು ಅಂದ್ರೆ ಮರ ಅಲ್ಲ ಯಜಮಾನ್ರೇ. ಒಳೀಕ್ ಹೋಗೋ ಜಾಗ" ಅಂದ. ಬಾಗಿಲಿಲ್ಲದ ಆ ಬಾಯಿಯ ಪಕ್ಕ 43 ಎಂದು ಬರೆದ. ತಾತನ ಬಾಗಿಲ ಪಕ್ಕ 43/1 ಎಂದು ಬರೆದ. ಎದುರು ಮನೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಪ್ಪನ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ಬೇರೆಯವರ ಮುಂದೆ ಅಪ್ಪ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಾನು ಒಳಗೆ ಓಡಿದೆ.

ಕೂಸು ಬದುಕಿತು. ಆದರೆ ಚಿಕ್ಕವ್ವ ಆಸ್ಪತ್ರೆಯಿಂದ ನೇರ ನಿಟ್ಟೂರಿಗೆ ಹೋದಳು. ಚಿಕ್ಕಪ್ಪ ಗುಬ್ಬಿಯಲ್ಲಿ ಬಾಡಿಗೆ ಮನೆ ಮಾಡಿ, ತನ್ನ ಭಾಗವನ್ನು ಅಪ್ಪನಿಗೇ ಬಿಟ್ಟುಕೊಟ್ಟ. ನಡುಗೋಡೆ ಒಡೆದೆವು. ಮನೆ ಒಂದಾಯಿತು, ಬೈ ಹೋಯಿತು, ಇಡೀ ನಲವತ್ತಮೂರೂ ನಮ್ಮದಾಯಿತು. ನನ್ನ ತಲೆ ಬಾಚುವವರು ಇಲ್ಲವಾದರು. ಯಾರಾದರೂ ಮನೆ ನಂಬರು ಕೇಳಿದರೆ ನಾನು ಬೀದಿಯ ಹೆಸರು ಮಾತ್ರ ಹೇಳಿ ಸುಮ್ಮನಾಗುತ್ತಿದ್ದೆ.

ಎಂಬತ್ತರ ದಶಕದ ಕೊನೆಯಲ್ಲಿ ಕುಣಿಗಲ್ಲಿನ ಗಂಡಿಗೆ ನನ್ನನ್ನು ಕೊಡುವುದೆಂದಾಯಿತು. ಅವ್ವ ತಾನೇ ಗುಬ್ಬಿಗೆ ಹೋಗಿ, ಚಿಕ್ಕವ್ವನ ಕೈ ಹಿಡಿದು ಮದುವೆಗೆ ಬರಲೇಬೇಕೆಂದು ಹೇಳಿ ಬಂದಳು. ಬರುತ್ತಾಳೆ ಎನ್ನುವ ನಂಬಿಕೆ ನಮಗಿರಲಿಲ್ಲ. ಚಪ್ಪರ ಹಾಕಿದ ದಿನ ಅಪ್ಪ ಬಾಗಿಲಲ್ಲಿ ನಿಂತು ಬಂದವರನ್ನು ಮಾತಾಡಿಸುತ್ತಿದ್ದ. ಎರಡು ಜಡೆ ಹಾಕಿಕೊಂಡ ಒಬ್ಬ ಹುಡುಗಿ ಬೀದಿಯ ತಿರುವಿನಿಂದ ಓಡಿ ಬಂದು ಏದುಸಿರು ಬಿಡುತ್ತ ಅವನ ಮುಂದೆ ನಿಂತಳು. ಹಿಂದೆ ದೂರದಲ್ಲಿ ಚಿಕ್ಕವ್ವ, ಚಿಕ್ಕಪ್ಪ ಬರುತ್ತಿದ್ದರು.

"ತಾತ, ಬಾಗ್ಲು ಕಿತ್ತೋರ ಮನೆ ಯಾವ್ದು?"

ಮಗು ಕುಚೋದ್ಯಕ್ಕೆ ಕೇಳಿದ್ದಲ್ಲ. ಹುಟ್ಟಿದಾಗಿನಿಂದ ಅವರ ಮನೆಯಲ್ಲಿ ನಮಗಿದ್ದ ಹೆಸರೇ ಅದು. ಬೇರೆ ವಿಳಾಸ ಅವಳಿಗೆ ಗೊತ್ತಿರಲಿಲ್ಲ. ಅವ್ವ ಆರತಿ ತಟ್ಟೆ ಹಿಡಿದವಳು ಹಾಗೇ ನಿಂತಳು. ಅಪ್ಪ ಆ ಹುಡುಗಿಯ ಮುಖವನ್ನೇ ನೋಡುತ್ತಿದ್ದ.

"ಇದೇ ಕಣವ್ವ," ಅಂದ. "ಒಳೀಕ್ ಬಾ. ಕಿತ್ತೋನು ನಾನೇ."